ಡೆವಲಪರ್‌ನಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ನೆರಳು ಎದ್ದು ಬರುತ್ತದೆಯೇ?

ಪ್ರಶ್ನೆ: ನಾನು ಹಾಸನದವಳು. ಅಪ್ಪನ ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾ ರಿಪೇರಿ ಮಾಡಿಸಿ ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ಫೋಟೋ ತೆಗೆಯಲು ಶುರು ಮಾಡಿದ್ದೇನೆ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ನವರಂಗದಲ್ಲಿ ಕಂಬಗಳನ್ನು ತೆಗೆಯಲು ಎರಡು ರೋಲ್ ಇಲ್ಫರ್ಡ್ ಎಚ್‌ಪಿ5 ಪ್ಲಸ್ ಬಳಸಿದೆ. ಮಧ್ಯಾಹ್ನದ ಹೊತ್ತು, ಬಾಗಿಲ ಆಚೆ ಉರಿಬಿಸಿಲು. ಐಎಸ್‌ಒ 400ಕ್ಕೆ ಇಟ್ಟಾಗ ಮೀಟರ್ ಹೆಚ್ಚಿನ ಫ್ರೇಮ್‌ಗಳಿಗೆ ಶಟರ್ 1/125 ಸೆಕೆಂಡ್, ಅಪರ್ಚರ್ ಎಫ್/5.6 ತೋರಿಸಿತು, ಅದನ್ನೇ ಇಟ್ಟೆ. ಮೊದಲ ರೋಲನ್ನು ಲ್ಯಾಬ್‌ಗೆ ಕೊಟ್ಟೆ. ಬಾಗಿಲು ಪೂರ್ತಿ ಬಿಳಿ, ಕಂಬಗಳು ಪೂರ್ತಿ ಕಪ್ಪು. "ಡೆವಲಪರ್‌ನಲ್ಲಿ ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಕತ್ತಲಲ್ಲಿರೋದೆಲ್ಲ ಎದ್ದು ಬರುತ್ತೆ" ಎಂದು ಗೆಳೆಯರೊಬ್ಬರು ಹೇಳಿದರು. ಅದರಂತೆ ಎರಡನೇ ರೋಲನ್ನು ಮನೆಯಲ್ಲೇ ಐಡಿ-11ನಲ್ಲಿ, ನೀರು ಬೆರೆಸದೆ, ಏಳೂವರೆ ನಿಮಿಷದ ಬದಲು 14 ನಿಮಿಷ ಡೆವಲಪ್ ಮಾಡಿದೆ. ಏಪ್ರಿಲ್ ತಿಂಗಳು, ನಲ್ಲಿ ನೀರು, ಥರ್ಮಾಮೀಟರ್ ಇರಲಿಲ್ಲ. ಕಂಬಗಳು ಹಾಗೇ ಕಪ್ಪಾಗಿವೆ, ಬಾಗಿಲು ಇನ್ನೂ ಹಾಳಾಗಿದೆ, ಗ್ರೇನ್ ಬೇರೆ ಎದ್ದಿದೆ. ಫಿಲ್ಮ್ ಹಳೆಯದೇ? ಕಪ್ಪು-ಬಿಳುಪು ಫಿಲ್ಮ್ ಎಂಥ ಬೆಳಕನ್ನೂ ತಡೆಯುತ್ತದೆ ಅಂತಾರಲ್ಲ? ಕಿತ್ತಳೆ ಫಿಲ್ಟರ್ ಹಾಕಿದರೆ ಸರಿಹೋಗುತ್ತದೆಯೇ? ಮುಂದಿನ ಸಲ ಏನು ಮಾಡಲಿ? ಈ ಎರಡು ರೋಲ್ ಉಳಿಸಿಕೊಳ್ಳಬಹುದೇ? ನೆಗೆಟಿವ್‌ಗಳ ಫೋಟೋ ಜೊತೆಗಿಟ್ಟಿದ್ದೇನೆ.

ಉತ್ತರ:

ನಿಮ್ಮ ಫಿಲ್ಮ್ ಚೆನ್ನಾಗಿದೆ. ಲ್ಯಾಬ್‌ನವರ ತಪ್ಪೂ ಇಲ್ಲ. ನೆಗೆಟಿವ್‌ನ ಅಂಚನ್ನೂ ಸೇರಿಸಿ ಫೋಟೋ ಕಳಿಸಿದ್ದು ಒಳ್ಳೆಯದಾಯಿತು, ಅದರಿಂದಲೇ ಇಷ್ಟು ಖಚಿತವಾಗಿ ಹೇಳಲು ಸಾಧ್ಯ.

ಫಿಲ್ಮ್‌ನ ಅಂಚಿನಲ್ಲಿ ಬ್ರಾಂಡಿನ ಹೆಸರು, ಫ್ರೇಮ್ ನಂಬರು ಇರುತ್ತವಲ್ಲ, ಅವನ್ನು ಕಾರ್ಖಾನೆಯಲ್ಲೇ ಬೆಳಕು ಬಿಟ್ಟು ಮೂಡಿಸಿರುತ್ತಾರೆ. ನಿಮ್ಮ ಕ್ಯಾಮೆರಾಕ್ಕೂ ಅವಕ್ಕೂ ಸಂಬಂಧವಿಲ್ಲ. ಹಾಗಾಗಿ ಡೆವಲಪಿಂಗ್ ಹೇಗಾಗಿದೆ ಎಂದು ಅವೇ ಹೇಳುತ್ತವೆ. ನೆಗೆಟಿವ್‌ನಲ್ಲಿ ಬೆಳಕು ಬಿದ್ದ ಜಾಗ ಕಪ್ಪು, ಬೀಳದ ಜಾಗ ತಿಳಿ. ನಿಮ್ಮ ಮೊದಲ ರೋಲ್‌ನಲ್ಲಿ ಆ ಅಕ್ಷರಗಳು ಗಟ್ಟಿ ಕಪ್ಪಾಗಿ, ಅಂಚು ಚೂಪಾಗಿ ಇವೆ. ಅಂದರೆ ಡೆವಲಪಿಂಗ್ ಸರಿಯಾಗಿದೆ. ಆದರೆ ಕಂಬದ ಬುಡ ಇರಬೇಕಾದ ಜಾಗ ಎರಡು ಫ್ರೇಮ್‌ಗಳ ನಡುವಿನ ಖಾಲಿ ಪಟ್ಟಿಯಷ್ಟೇ ತಿಳಿಯಾಗಿದೆ. ಅಲ್ಲಿಗೆ ಬೆಳಕೇ ತಲುಪಿಲ್ಲ. ಎರಡನೇ ರೋಲ್‌ನಲ್ಲಿ ಅಂಚಿನ ಅಕ್ಷರಗಳು ದಪ್ಪಗಾಗಿ ಸುತ್ತ ಮಸಿ ಹರಡಿದಂತಿವೆ. ಅದು ಮಿತಿಮೀರಿದ ಡೆವಲಪಿಂಗ್‌ನ ಗುರುತು. ಕಂಬದ ಬುಡ ಮಾತ್ರ ಅಲ್ಲೂ ಖಾಲಿ.

ಎರಡು ರೋಲ್‌ಗಳಲ್ಲೂ ಕೊರತೆಯಾಗಿದ್ದು ಎಕ್ಸ್‌ಪೋಷರ್, ಅಂದರೆ ಫೋಟೋ ತೆಗೆಯುವಾಗ ಫಿಲ್ಮ್ ಮೇಲೆ ಬೀಳುವ ಬೆಳಕು. ಡೆವಲಪಿಂಗ್‌ನಲ್ಲಿ ಅದನ್ನು ತುಂಬಿಕೊಡಲು ಆಗುವುದಿಲ್ಲ. ನಿಮ್ಮ ಗೆಳೆಯರು ಹೇಳಿದ್ದನ್ನು ನನಗೂ ಎಷ್ಟೋ ಜನ ಹೇಳಿದ್ದಾರೆ, ಸ್ಟುಡಿಯೋ ನಡೆಸುವವರೂ ಹೇಳುತ್ತಾರೆ. ಅದು ಯಾಕೆ ತಪ್ಪು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಅರ್ಥವಾದರೆ ಮುಂದಿನದೆಲ್ಲ ಸಲೀಸು.

ಫಿಲ್ಮ್‌ನ ಲೇಪದಲ್ಲಿ ಬೆಳ್ಳಿಯ ಲವಣದ ಕಣ್ಣಿಗೆ ಕಾಣದ ಹರಳುಗಳಿರುತ್ತವೆ. ಬೆಳಕು ಬಿದ್ದ ಹರಳಿನಲ್ಲಿ ಬೆಳ್ಳಿಯ ಕೆಲವೇ ಕೆಲವು ಪರಮಾಣುಗಳು ಒಂದೆಡೆ ಗುಂಪುಗೂಡಿ ಒಂದು ಚುಕ್ಕಿಯಾಗುತ್ತವೆ. ಡೆವಲಪರ್ ಈ ಚುಕ್ಕಿಯನ್ನು ಹಿಡಿದುಕೊಂಡು ಇಡೀ ಹರಳನ್ನು ಕಪ್ಪು ಬೆಳ್ಳಿಯಾಗಿ ಮಾಡುತ್ತದೆ. ಚುಕ್ಕಿ ಇಲ್ಲದ ಹರಳನ್ನು ಹಾಗೇ ಬಿಡುತ್ತದೆ, ಆಮೇಲೆ ಹೈಪೋ (ಫಿಕ್ಸರ್) ಅದನ್ನು ತೊಳೆದು ಹಾಕುತ್ತದೆ. ನಿಮ್ಮ ಕಂಬದ ಬುಡದಿಂದ ಬಂದ ಬೆಳಕು ಆ ಚುಕ್ಕಿ ಹುಟ್ಟಿಸಲೂ ಸಾಲಲಿಲ್ಲ. ಅಂಥ ಜಾಗವನ್ನು ಎಷ್ಟು ಹೊತ್ತು ಡೆವಲಪ್ ಮಾಡಿದರೂ ಬಿತ್ತದ ಹೊಲಕ್ಕೆ ನೀರು ಹಾಯಿಸಿದಂತೆ. ತೀರಾ ಜಾಸ್ತಿ ಹೊತ್ತು ಬಿಟ್ಟರೆ ಡೆವಲಪರ್ ಚುಕ್ಕಿ ಇಲ್ಲದ ಹರಳುಗಳನ್ನೂ ಕಪ್ಪು ಮಾಡತೊಡಗುತ್ತದೆ. ಅದು ಫಾಗ್. ಎಲ್ಲ ಕಡೆ ಒಂದೇ ಸಮನಾದ ಬೂದಿ ಬಣ್ಣ ಬರುತ್ತದೆಯೇ ಹೊರತು ಕಂಬದ ಕೆತ್ತನೆ ಬರುವುದಿಲ್ಲ.

ಬೆಳಕು ಚೆನ್ನಾಗಿ ಬಿದ್ದ ಜಾಗದ ಕತೆ ಬೇರೆ. ಅಲ್ಲಿ ಚುಕ್ಕಿ ಹೊತ್ತ ಹರಳುಗಳು ರಾಶಿ ಇರುತ್ತವೆ. ಹೊತ್ತು ಹೆಚ್ಚಾದಷ್ಟೂ ಹೆಚ್ಚು ಹರಳುಗಳು ಕಪ್ಪಾಗುತ್ತಾ ಹೋಗುತ್ತವೆ. ನೆರಳಿನ ಭಾಗದಲ್ಲಿ ಇರುವಷ್ಟು ಹರಳುಗಳು ಮೊದಲ ಕೆಲವು ನಿಮಿಷಗಳಲ್ಲೇ ಬಹುಪಾಲು ಮುಗಿದಿರುತ್ತವೆ. ಆದ್ದರಿಂದ ನೀವು ಕೊಟ್ಟ ಹೆಚ್ಚುವರಿ ಹೊತ್ತೆಲ್ಲ ಬಾಗಿಲಿಗೆ ಹೋಯಿತು. ಕಾಂಟ್ರಾಸ್ಟ್ ಏರಿತು. ನೆರಳು ಇದ್ದಲ್ಲೇ ಇತ್ತು.

ನೆರಳಿಗೆ ಎಕ್ಸ್‌ಪೋಷರ್ ಕೊಡಿ, ಹೈಲೈಟ್‌ಗೆ (ಬೆಳಕು ಹೆಚ್ಚಿರುವ ಜಾಗಕ್ಕೆ) ತಕ್ಕಂತೆ ಡೆವಲಪ್ ಮಾಡಿ ಎಂಬ ಹಳೆಯ ಮಾತು ಬಂದಿದ್ದು ಇದರಿಂದಲೇ. ಇಂಗ್ಲೆಂಡಿನಲ್ಲಿ ಫರ್ಡಿನಾಂಡ್ ಹರ್ಟರ್ ಮತ್ತು ವೆರೋ ಡ್ರಿಫೀಲ್ಡ್ ಎಂಬ ಇಬ್ಬರು 1890ರಲ್ಲೇ ಬೆಳಕು ಹೆಚ್ಚಿದಂತೆ ಪ್ಲೇಟು ಎಷ್ಟು ಕಪ್ಪಾಗುತ್ತದೆ ಎಂದು ಅಳೆದು ಗ್ರಾಫ್ ಪ್ರಕಟಿಸಿದ್ದರು. ಆ ಗೆರೆಯ ಬುಡ ಚಪ್ಪಟೆಯಾಗಿರುತ್ತದೆ. ಅಲ್ಲಿ ಬೆಳಕು ಸ್ವಲ್ಪ ಹೆಚ್ಚಾದರೂ ಫಿಲ್ಮ್ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಆಮೇಲೆ ಗೆರೆ ನೇರವಾಗಿ ಮೇಲೇರುತ್ತದೆ. ಎಕ್ಸ್‌ಪೋಷರ್ ಎಂದರೆ ನಿಮ್ಮ ನೆರಳನ್ನು ಆ ಚಪ್ಪಟೆ ಬುಡದಿಂದ ಎತ್ತಿ ಏರುವ ಭಾಗಕ್ಕೆ ತರುವುದು. ಡೆವಲಪಿಂಗ್ ಹೊತ್ತು ಎಂದರೆ ಏರು ಎಷ್ಟು ಕಡಿದಾಗಿರಬೇಕು ಎಂದು ತೀರ್ಮಾನಿಸುವುದು.

ಫಿಲ್ಮ್ ಎಂಥ ಬೆಳಕನ್ನೂ ತಡೆಯುತ್ತದೆ ಎಂಬುದು ಅರ್ಧ ನಿಜ. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ ಆಗುವುದು. ಎಚ್‌ಪಿ5ನಂಥ ಫಿಲ್ಮ್ ಬೆಳಕು ಎರಡು ಸ್ಟಾಪ್ ಓವರ್ (ಹೆಚ್ಚು) ಆದರೂ ಪ್ರಿಂಟ್ ಮಾಡಬಹುದಾದ ನೆಗೆಟಿವ್ ಕೊಡುತ್ತದೆ, ಗ್ರೇನ್ ಸ್ವಲ್ಪ ಹೆಚ್ಚಾಗಬಹುದು ಅಷ್ಟೆ. ಅಂಡರ್ ಕಡೆಗೆ ಅಂಥ ಉದಾರತನ ಇಲ್ಲ. ಒಂದೇ ಸ್ಟಾಪ್ ಕಮ್ಮಿಯಾದರೂ ಆಳದ ನೆರಳು ಹೋಗುತ್ತದೆ, ಮತ್ತೆ ಬರುವುದಿಲ್ಲ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ "ಇಂದು" ಫಿಲ್ಮ್ ಎಲ್ಲ ಸ್ಟುಡಿಯೋಗಳಲ್ಲಿದ್ದ ಕಾಲದಲ್ಲಿ ಹಿರಿಯ ಫೋಟೋಗ್ರಾಫರ್‌ಗಳು ಅನುಮಾನ ಬಂದಾಗ ಒಂದು ಸ್ಟಾಪ್ ಜಾಸ್ತಿಯೇ ಕೊಡುತ್ತಿದ್ದರು. ಅವರಿಗೆ ಗ್ರಾಫ್ ಗೊತ್ತಿರಬೇಕಾಗಿರಲಿಲ್ಲ, ಡಾರ್ಕ್‌ರೂಮ್‌ನಲ್ಲಿ ತೆಳು ನೆಗೆಟಿವ್ ಜೊತೆ ಗುದ್ದಾಡಿದ ಅನುಭವವೇ ಸಾಕಾಗಿತ್ತು.

ಈಗ ಬೇಲೂರಿನ ಒಳಗೆ ಹೋಗೋಣ.

ನವರಂಗದಲ್ಲಿ ಬೆಳಕು ಬರುವುದು ಬಾಗಿಲುಗಳಿಂದ ಮತ್ತು ಜಾಲಂಧ್ರಗಳ ತೂತುಗಳಿಂದ. ಕಂಬಗಳು ಬಳಪದ ಕಲ್ಲಿನವು, ಕಡೆದು ನುಣುಪು ಮಾಡಿದವು. ಬಾಗಿಲ ಕಡೆಯ ಅಂಚು ಕನ್ನಡಿಯಂತೆ ಹೊಳೆಯುತ್ತದೆ, ಹಿಂಬದಿ ಕಗ್ಗತ್ತಲು. ಮಧ್ಯಾಹ್ನ ಅಂಥ ಜಾಗದಲ್ಲಿ ಐಎಸ್‌ಒ 400ಕ್ಕೆ ಮೀಟರ್ ಹಿಡಿದರೆ ಕಂಬದ ನೆರಳು ಬದಿಯಲ್ಲಿ 1/15, ಎಫ್/2.8ರ ಆಸುಪಾಸು ಸಿಗುತ್ತದೆ. ಹೊಳೆಯುವ ಅಂಚು ಅದಕ್ಕಿಂತ ಸುಮಾರು ಐದು ಸ್ಟಾಪ್ ಮೇಲೆ. ಬಾಗಿಲಾಚೆಯ ಬಿಸಿಲು ಬಿದ್ದ ಅಂಗಳ 1/1000, ಎಫ್/11. ಲೆಕ್ಕ ಹಾಕಿ: ಶಟರ್‌ನಲ್ಲಿ ಆರು ಸ್ಟಾಪ್, ಅಪರ್ಚರ್‌ನಲ್ಲಿ ನಾಲ್ಕು. ನೆರಳಿಗೂ ಅಂಗಳಕ್ಕೂ ಒಟ್ಟು ಹತ್ತು ಸ್ಟಾಪ್ ಅಂತರ.

ಮೀಟರ್‌ಗೆ ಕಂಬ ಯಾವುದು, ಅಂಗಳ ಯಾವುದು ಗೊತ್ತಿಲ್ಲ. ಕಂಡದ್ದನ್ನೆಲ್ಲ ನಡುಬೂದಿ ಎಂದುಕೊಂಡು ಲೆಕ್ಕ ಹೇಳುತ್ತದೆ. ನಿಮಗೆ ಹೇಳಿದ 1/125, ಎಫ್/5.6 ಸರಿಯಾಗಿ ನಟ್ಟನಡುವೆ ಇದೆ: ನೆರಳಿಗೆ ಬೇಕಾದ ಅಂಕಿಗಿಂತ ಐದು ಸ್ಟಾಪ್ ಕೆಳಗೆ, ಅಂಗಳದ ಅಂಕಿಗಿಂತ ಐದು ಸ್ಟಾಪ್ ಮೇಲೆ. ಎರಡೂ ತುದಿ ಹೋಯಿತು.

ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಹೊತ್ತಿಗೆ ಲಾಸ್ ಏಂಜಲೀಸ್‌ನಲ್ಲಿ ಪಾಠ ಮಾಡುತ್ತಾ ರೂಪಿಸಿದ ಝೋನ್ ಸಿಸ್ಟಂ ಇಂಥ ಕಡೆಯೇ ಕೈಹಿಡಿಯುವುದು. ಅದರ ಹೆಸರು ಕೇಳಿ ಹೆದರಬೇಡಿ, ನಮಗೆ ಬೇಕಾದದ್ದು ಸ್ವಲ್ಪವೇ. ಅಪ್ಪಟ ಕಪ್ಪು ಸೊನ್ನೆ, ಕಾಗದದ ಬಿಳಿ ಹತ್ತು, ಮೀಟರ್‌ನ ನಡುಬೂದಿ ಐದು. ಪಕ್ಕಪಕ್ಕದ ಎರಡು ಝೋನ್‌ಗಳ ನಡುವೆ ಒಂದು ಸ್ಟಾಪ್. ಕಪ್ಪಾಗಿಯೇ ಕಾಣಬೇಕು ಆದರೆ ಕಲ್ಲಿನ ಮೈ, ಕೆತ್ತನೆ ಗೊತ್ತಾಗಬೇಕು ಎನ್ನುವ ನೆರಳು ಮೂರನೇ ಝೋನ್. ಬೆಳ್ಳಗಿದ್ದೂ ವಿವರ ಉಳಿಯಬೇಕು ಎನ್ನುವ ಜಾಗ ಏಳು. ಎಂಟರಲ್ಲಿ ವಿವರ ಕ್ಷೀಣವಾಗುತ್ತದೆ.

ನಿಮ್ಮ ಕ್ಯಾಮೆರಾದ ಮೀಟರಿನಿಂದಲೇ ಇದನ್ನು ಮಾಡಬಹುದು. ಕಂಬದ ನೆರಳು ಬದಿಗೆ ಹತ್ತಿರ ಹೋಗಿ, ಫ್ರೇಮ್ ತುಂಬ ಆ ಕಪ್ಪು ಕಲ್ಲೇ ಕಾಣುವಂತೆ ಹಿಡಿದು ರೀಡಿಂಗ್ ತೆಗೆದುಕೊಳ್ಳಿ. ನಿಮ್ಮ ನೆರಳೇ ಅದರ ಮೇಲೆ ಬೀಳದಂತೆ ನೋಡಿಕೊಳ್ಳಿ. ಮೀಟರ್ ಅದನ್ನು ಐದನೇ ಝೋನ್ ಮಾಡಲು ಹೇಳುತ್ತದೆ. ನಿಮಗೆ ಬೇಕಾಗಿದ್ದು ಮೂರು. ಹಾಗಾಗಿ ಅಲ್ಲಿಂದ ಎರಡು ಸ್ಟಾಪ್ ಕಮ್ಮಿ ಮಾಡಿ. ಈ ಎರಡು ಸ್ಟಾಪ್ ಮರೆತು ನೆರಳಿನ ರೀಡಿಂಗನ್ನೇ ಇಟ್ಟುಬಿಡುವವರು ಬಹಳ. ಆಗ ಕಗ್ಗತ್ತಲ ಕಂಬ ನಡುಬೂದಿಯಾಗಿ, ಉಳಿದದ್ದೆಲ್ಲ ಸುಮ್ಸುಮ್ನೆ ಮೇಲಕ್ಕೆ ಹೋಗುತ್ತದೆ.

ಇನ್ನೊಂದು ಮಾತು. ಡಬ್ಬಿಯ ಮೇಲೆ 400 ಎಂದಿದ್ದರೂ ಇಂಥ ಬೆಳಕಿನಲ್ಲಿ ಮೀಟರನ್ನು 200ಕ್ಕೆ ಇಡಿ. ಆಗ ಅದು ಒಂದು ಸ್ಟಾಪ್ ಜಾಸ್ತಿ ಬೆಳಕು ಕೇಳುತ್ತದೆ. ಡೆವಲಪಿಂಗ್ ಹೊತ್ತನ್ನು ಕಮ್ಮಿ ಮಾಡಲಿದ್ದೇವೆ. ಹಾಗೆ ಮಾಡಿದಾಗ ನೆರಳೂ ಒಂದಿಷ್ಟು ಕುಗ್ಗುತ್ತದೆ, ಅದನ್ನು ಮುಂಚಿತವಾಗಿ ಭರ್ತಿ ಮಾಡಿಕೊಳ್ಳಬೇಕು. 200ರಲ್ಲಿ ನೆರಳಿನ ರೀಡಿಂಗ್ 1/8, ಎಫ್/2.8. ಎರಡು ಸ್ಟಾಪ್ ಇಳಿಸಿದರೆ 1/30, ಎಫ್/2.8. ಮೊದಲು ಕೊಟ್ಟದ್ದಕ್ಕಿಂತ ನಾಲ್ಕು ಸ್ಟಾಪ್ ಜಾಸ್ತಿ! ಇಷ್ಟೊಂದು ಅಂತರ ಕಂಡು ಗಾಬರಿಯಾಗುವುದು ಸಹಜ, ಆದರೂ ಧೈರ್ಯವಾಗಿ ಕೊಡಿ. 50 ಎಂಎಂ ಲೆನ್ಸ್ ಆದರೆ ಉಸಿರು ಬಿಗಿಹಿಡಿದು, ಮೊಣಕೈ ಪಕ್ಕೆಗೆ ಒತ್ತಿ 1/30 ತೆಗೆಯಬಹುದು. ಒಂದೇ ಫ್ರೇಮನ್ನು ಮೂರು ಸಲ ತೆಗೆಯಿರಿ, ಒಂದಾದರೂ ಅಲುಗದೆ ಬರುತ್ತದೆ.

ಹಾಗಾದರೆ ಹೈಲೈಟ್? ಕಂಬದ ಹೊಳೆಯುವ ಅಂಚು ನೆರಳಿಗಿಂತ ಐದು ಸ್ಟಾಪ್ ಮೇಲಿದೆ, ಅಂದರೆ ಎಂಟನೇ ಝೋನ್‌ಗೆ ಬೀಳುತ್ತದೆ. ಡೆವಲಪಿಂಗ್ ಹೊತ್ತನ್ನು ಶೇಕಡ 20ರಿಂದ 25ರಷ್ಟು ಕಮ್ಮಿ ಮಾಡಿದರೆ ಅದು ಏಳಕ್ಕೆ ಇಳಿಯುತ್ತದೆ, ಕಲ್ಲಿನ ನುಣುಪು ಪ್ರಿಂಟ್‌ನಲ್ಲಿ ಉಳಿಯುತ್ತದೆ. ಝೋನ್ ಸಿಸ್ಟಂನವರು ಇದನ್ನು ಎನ್ ಮೈನಸ್ ಒನ್ ಎನ್ನುತ್ತಾರೆ. ಐಡಿ-11ನ್ನು ಅಷ್ಟೇ ನೀರು ಬೆರೆಸಿ ಬಳಸಿದರೆ ಎಚ್‌ಪಿ5ಗೆ 20 ಡಿಗ್ರಿಯಲ್ಲಿ ಕಂಪನಿ ಹೇಳುವ ಹೊತ್ತು 13 ನಿಮಿಷ. ನೀವು 10 ನಿಮಿಷದಿಂದ ಶುರು ಮಾಡಿ. ಇದು ಆರಂಭದ ಅಂಕಿ ಮಾತ್ರ. ನಿಮ್ಮ ಮೀಟರ್, ನಿಮ್ಮ ಥರ್ಮಾಮೀಟರ್, ನೀವು ಟ್ಯಾಂಕ್ ಅಲುಗಿಸುವ ರೀತಿ ಎಲ್ಲ ಸೇರಿ ಅದು ಒಂಬತ್ತೋ ಹನ್ನೊಂದೋ ಆಗಬಹುದು.

ಅಂಗಳದ ವಿಷಯದಲ್ಲಿ ನಿಮಗೆ ಸುಳ್ಳು ಭರವಸೆ ಕೊಡಲಾರೆ. ನೆರಳು ಮೂರರಲ್ಲಿದ್ದರೆ ಅದಕ್ಕಿಂತ ಹತ್ತು ಸ್ಟಾಪ್ ಮೇಲಿನ ಅಂಗಳ ಹದಿಮೂರಕ್ಕೆ ಹೋಯಿತು. ಅದನ್ನು ಏಳಕ್ಕೋ ಎಂಟಕ್ಕೋ ಇಳಿಸುವಷ್ಟು ಡೆವಲಪಿಂಗ್ ಕಮ್ಮಿ ಮಾಡಿದರೆ ನಡುವಿನ ಟೋನ್‌ಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಚಿತ್ರ ಜೋಲುಬೀಳುತ್ತದೆ. ಕಂಬಕ್ಕೆ ಕಂಬದ ಗುಂಡನೆಯ ಮೈಯೇ ಇರುವುದಿಲ್ಲ. ಹೊತ್ತು ಕಮ್ಮಿ ಮಾಡುವುದರಲ್ಲಿ ಇರುವ ದೊಡ್ಡ ಅಪಾಯವೇ ಇದು. ಎಲ್ಲ ತುದಿಗಳನ್ನೂ ಉಳಿಸಲು ಹೋಗಿ ನಡುವಿನ ಜೀವ ಕಳೆದುಕೊಂಡ ಪ್ರಿಂಟ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ನನ್ನ ಮಟ್ಟಿಗೆ ಹೇಳುವುದಾದರೆ, ನವರಂಗದ ಚಿತ್ರದಲ್ಲಿ ಬಾಗಿಲು ಬೆಳ್ಳಗೆ ಉರಿಯುತ್ತಿದ್ದರೆ ತಪ್ಪೇನಿಲ್ಲ. ಒಳಗೆ ನಿಂತವರ ಕಣ್ಣಿಗೂ ಅದು ಹಾಗೇ ಕುಕ್ಕುತ್ತದೆ ಅಲ್ವಾ? ಅದು ಕಣ್ಣನ್ನು ಎಳೆಯುತ್ತದೆ ಎನಿಸಿದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಬಾಗಿಲನ್ನು ಕಂಬದ ಹಿಂದೆ ಮರೆಮಾಡಿ. ಇದು ಯಾವ ಡೆವಲಪರ್‌ಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಮೋಡ ಕವಿದ ದಿನ ಹೋದರೆ ಹೊರಗಿನ ಬೆಳಕೇ ಮೂರು ನಾಲ್ಕು ಸ್ಟಾಪ್ ಇಳಿದಿರುತ್ತದೆ. ಒಳಗೂ ಬೆಳಕು ಸ್ವಲ್ಪ ಕುಗ್ಗುತ್ತದೆ, ಆದರೆ ಅಂತರ ಹಿಡಿತಕ್ಕೆ ಬರುತ್ತದೆ. ಹಾಸನದಿಂದ ಬೇಲೂರು ಹತ್ತಿರವೇ ಇದೆ, ಆಷಾಢದಲ್ಲಿ ಒಮ್ಮೆ ಹೋಗಿಬನ್ನಿ.

ಟ್ರೈಪಾಡ್ ಬಳಸಬೇಕಿದ್ದರೆ ಮೊದಲೇ ಅನುಮತಿ ಪಡೆಯಬೇಕು. ಸಿಕ್ಕಿ, ಸಣ್ಣ ಅಪರ್ಚರ್‌ನಲ್ಲಿ ಹಲವು ಸೆಕೆಂಡ್‌ಗಳ ಎಕ್ಸ್‌ಪೋಷರ್ ಕೊಡುವುದಾದರೆ ಒಂದು ನೆನಪಿರಲಿ. ದೀರ್ಘ ಹೊತ್ತಿನಲ್ಲಿ ಫಿಲ್ಮ್ ಮಂದವಾಗುತ್ತದೆ. ಎಚ್‌ಪಿ5ನಲ್ಲಿ ಮೀಟರ್ 10 ಸೆಕೆಂಡ್ ಎಂದರೆ ನೀವು ಸುಮಾರು 20 ಕೊಡಬೇಕು. ಕತ್ತಲಿನ ಭಾಗ ಹೆಚ್ಚು ಸೊರಗುವುದರಿಂದ ಕಾಂಟ್ರಾಸ್ಟ್ ತಾನಾಗಿ ಏರುತ್ತದೆ. ಹೊತ್ತು ಕಮ್ಮಿ ಮಾಡಿ ಡೆವಲಪ್ ಮಾಡಲು ಇದೂ ಒಂದು ಕಾರಣ.

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು: ಒಂದು ರೋಲ್‌ನಲ್ಲಿ 36 ಫ್ರೇಮ್ ಇವೆ, ಎಲ್ಲಕ್ಕೂ ಒಂದೇ ಡೆವಲಪಿಂಗ್, ಹೊರಗೆ ತೆಗೆದವು ಏನಾಗುತ್ತವೆ? ನ್ಯಾಯವಾದ ಪ್ರಶ್ನೆ. ಆಡಮ್ಸ್ ಬಳಸುತ್ತಿದ್ದುದು ಹೆಚ್ಚಾಗಿ ದೊಡ್ಡ ಶೀಟ್ ಫಿಲ್ಮ್. ಒಂದೊಂದು ಹಾಳೆಗೂ ಬೇಕಾದಷ್ಟೇ ಹೊತ್ತು ಕೊಡಬಹುದಿತ್ತು. 35 ಎಂಎಂನಲ್ಲಿ ಆ ಅನುಕೂಲ ಇಲ್ಲ. ಸುಲಭದ ದಾರಿ ಎಂದರೆ ಒಂದು ರೋಲ್‌ಗೆ ಒಂದೇ ಬಗೆಯ ಬೆಳಕು. ನವರಂಗಕ್ಕೆ ಒಂದು ರೋಲ್, ಹೊರಗಿನ ಭಿತ್ತಿಗೆ ಇನ್ನೊಂದು. ಅದಾಗದಿದ್ದರೆ ಇಡೀ ರೋಲನ್ನು ಕಷ್ಟದ ಫ್ರೇಮ್‌ಗೆ ತಕ್ಕಂತೆ ಡೆವಲಪ್ ಮಾಡಿ. ಸಪ್ಪೆಯಾಗಿ ಬಂದ ಫ್ರೇಮ್‌ಗಳನ್ನು, ಫಿಲ್ಟರ್‌ನಿಂದ ಕಾಂಟ್ರಾಸ್ಟ್ ಬದಲಿಸಬಹುದಾದ ಮಲ್ಟಿಗ್ರೇಡ್ ಕಾಗದದಲ್ಲಿ ಮೂರೋ ಮೂರೂವರೆಯೋ ಫಿಲ್ಟರ್ ಹಾಕಿ ಎತ್ತಿಕೊಳ್ಳಿ, ಸ್ಕ್ಯಾನ್ ಮಾಡುವುದಾದರೆ ಇನ್ನೂ ಸುಲಭ. ಸಪ್ಪೆ ನೆಗೆಟಿವ್‌ಗೆ ಕಾಂಟ್ರಾಸ್ಟ್ ಕೊಡಬಹುದು. ಖಾಲಿ ನೆರಳಿಗೆ ವಿವರ ಕೊಡಲು ಆಗುವುದಿಲ್ಲ.

ಇನ್ನು ನಿಮ್ಮ ನಲ್ಲಿ ನೀರು. ಎರಡನೇ ರೋಲ್ ಇಷ್ಟು ಕೆಟ್ಟಿದ್ದಕ್ಕೆ ಅರ್ಧ ಕಾರಣ ಇದೇ ಎಂದು ನನಗೆ ಅನಿಸುತ್ತದೆ. ಡೆವಲಪಿಂಗ್ ಹೊತ್ತುಗಳೆಲ್ಲ 20 ಡಿಗ್ರಿಗೆ ಹೇಳಿದವು. ಏಪ್ರಿಲ್‌ನಲ್ಲಿ ಮಹಡಿ ಮೇಲಿನ ಟ್ಯಾಂಕಿನ ನೀರು 27 ಡಿಗ್ರಿ ಇದ್ದರೆ ಆಶ್ಚರ್ಯವಿಲ್ಲ. ಐಡಿ-11ನಂಥ ಡೆವಲಪರ್‌ನಲ್ಲಿ ಒಂದೊಂದು ಡಿಗ್ರಿ ಏರಿದಂತೆ ಹೊತ್ತನ್ನು ಸುಮಾರು ಹತ್ತನೇ ಒಂದರಷ್ಟು ಇಳಿಸುತ್ತಾ ಹೋಗಬೇಕು. ಏಳು ಡಿಗ್ರಿ ಜಾಸ್ತಿ ಇದ್ದರೆ ಅರ್ಧ ಹೊತ್ತು ಸಾಕು. ನೀವು ಕೊಟ್ಟ 14 ನಿಮಿಷ 20 ಡಿಗ್ರಿಯ ಲೆಕ್ಕದಲ್ಲಿ 28 ನಿಮಿಷದಷ್ಟಾಯಿತು. ಏಳೂವರೆ ನಿಮಿಷ ಬೇಕಾಗಿದ್ದ ಫಿಲ್ಮ್‌ಗೆ!

ಥರ್ಮಾಮೀಟರ್ ಇಲ್ಲದೆ ಇನ್ನೊಂದು ರೋಲ್ ಮುಟ್ಟಬೇಡಿ. ಗಾಜಿನ ಲ್ಯಾಬ್ ಥರ್ಮಾಮೀಟರ್ ದುಬಾರಿಯಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ 20ಕ್ಕೆ ಇಳಿಸಲು ಒದ್ದಾಡುವುದನ್ನೂ ನಾನು ಹೇಳುವುದಿಲ್ಲ. 24ಕ್ಕೆ ನಿಲ್ಲಿಸಿ. ಅಗಲವಾದ ಬೇಸಿನ್‌ನಲ್ಲಿ ನೀರು ತುಂಬಿ, ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಕಟ್ಟಿದ ಐಸ್ ಹಾಕಿ. ಡೆವಲಪರ್, ಫಿಕ್ಸರ್ ಬಾಟಲಿಗಳನ್ನೂ ಖಾಲಿ ಟ್ಯಾಂಕನ್ನೂ ಅದರಲ್ಲೇ ನಿಲ್ಲಿಸಿ. ಐಸನ್ನು ನೇರವಾಗಿ ಡೆವಲಪರ್‌ಗೆ ಹಾಕಬೇಡಿ, ತೆಳುವಾಗುತ್ತದೆ. 20 ಡಿಗ್ರಿಯ 10 ನಿಮಿಷಕ್ಕೆ 24ರಲ್ಲಿ ಸುಮಾರು 7 ನಿಮಿಷ. ಐದು ನಿಮಿಷಕ್ಕಿಂತ ಕಮ್ಮಿ ಹೊತ್ತು ಬೇಕಾಗುವ ಪರಿಸ್ಥಿತಿ ತಂದುಕೊಳ್ಳಬೇಡಿ. ಟ್ಯಾಂಕಿಗೆ ಸುರಿಯುವ, ಖಾಲಿ ಮಾಡುವ ಕೆಲವು ಸೆಕೆಂಡ್‌ಗಳ ವ್ಯತ್ಯಾಸವೇ ಆಗ ದೊಡ್ಡದಾಗಿ, ಆಕಾಶದಂಥ ಸಮತಟ್ಟು ಜಾಗದಲ್ಲಿ ಪಟ್ಟೆ ಕಾಣುತ್ತದೆ. ಡೆವಲಪರ್‌ಗೆ ಮೂರು ಪಾಲು ನೀರು ಬೆರೆಸಿದರೆ 20 ಡಿಗ್ರಿಯಲ್ಲಿ ಪೂರ್ಣ ಹೊತ್ತು 20 ನಿಮಿಷ. ಬಿಸಿಲುಗಾಲಕ್ಕೆ ಅದು ಒಳ್ಳೆಯದು, ಹೊತ್ತು ಕಮ್ಮಿ ಮಾಡಿದರೂ ಕೈಯಲ್ಲಿ ಸಾಕಷ್ಟು ನಿಮಿಷ ಉಳಿಯುತ್ತವೆ. ಹಾಗೆ ಬೆರೆಸಿದ್ದನ್ನು ಒಂದೇ ಸಲ ಬಳಸಿ ಚೆಲ್ಲಿಬಿಡಿ.

ಟ್ಯಾಂಕ್ ಅಲುಗಿಸುವುದರಲ್ಲೂ ಒಂದು ಹಿಡಿತ ಇದೆ. ಹೈಲೈಟ್ ಇರುವ ಕಡೆ ಡೆವಲಪರ್ ಬೇಗ ಬಳಲುತ್ತದೆ, ಅಲುಗಿಸಿದಾಗ ಅಲ್ಲಿಗೆ ಹೊಸದು ಬರುತ್ತದೆ. ಜೋರಾಗಿ, ಪದೇ ಪದೇ ಅಲುಗಿಸಿದರೆ ಹೈಲೈಟ್ ಏರುತ್ತದೆ. ನಿಮಿಷಕ್ಕೊಮ್ಮೆ ಮೊದಲ ಹತ್ತು ಸೆಕೆಂಡ್‌ನಲ್ಲಿ ನಾಲ್ಕು ಸಲ ಮೆಲ್ಲಗೆ ಬೋರಲು ಹಾಕಿ ಎತ್ತಿ, ಪ್ರತಿ ರೋಲ್‌ಗೂ ಹಾಗೇ ಮಾಡಿ. ರೋಡಿನಾಲ್ ಎಂಬ ಡೆವಲಪರನ್ನು ನೂರು ಪಾಲು ನೀರಿಗೆ ಬೆರೆಸಿ ಒಂದು ಗಂಟೆ ಅಲುಗಿಸದೆ ಬಿಡುವ ಸ್ಟ್ಯಾಂಡ್ ಡೆವಲಪಿಂಗ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೈಲೈಟ್ ತಡೆಯುವುದು ನಿಜ. ಆದರೆ ಫಿಲ್ಮ್‌ನ ಅಂಚಿನ ತೂತುಗಳಿಂದ ಗೆರೆಗಳು ಇಳಿಯುವುದು, ಒಂದು ಕಡೆ ದಟ್ಟ ಒಂದು ಕಡೆ ತೆಳು ಆಗುವುದು ಅದರಲ್ಲಿ ಮಾಮೂಲು. ಮತ್ತೆ ಸಿಗದ ಫ್ರೇಮ್‌ಗಳಿರುವ ರೋಲ್ ಮೇಲೆ ನಾನಂತೂ ಅದನ್ನು ಮಾಡುವುದಿಲ್ಲ.

ಕಿತ್ತಳೆ ಫಿಲ್ಟರ್ ಬೇಡ. ಹೊರಗೆ ಬಿಸಿಲಿನಲ್ಲಿ ನೆರಳಿಗೆ ಬೀಳುವ ಬೆಳಕು ಬಹುಪಾಲು ನೀಲಿ ಆಕಾಶದ್ದು. ಕಿತ್ತಳೆ, ಕೆಂಪು ಫಿಲ್ಟರ್‌ಗಳು ನೀಲಿಯನ್ನು ತಡೆಯುತ್ತವೆ. ಆಕಾಶ ನಾಟಕೀಯವಾಗಿ ಕಪ್ಪಾಗುತ್ತದೆ, ಅದರ ಜೊತೆಗೆ ನೆರಳೂ ಇನ್ನಷ್ಟು ಕಪ್ಪಾಗುತ್ತದೆ. ಒಳಗಂತೂ ಇರುವ ಅಷ್ಟಿಷ್ಟು ಬೆಳಕನ್ನೂ ತಿಂದುಹಾಕುತ್ತದೆ.

ಪುಷ್ ಮಾಡುವುದೇ, ಅಂದರೆ ಕಮ್ಮಿ ಬೆಳಕು ಕೊಟ್ಟು ಹೆಚ್ಚು ಹೊತ್ತು ಡೆವಲಪ್ ಮಾಡುವುದೇ, ತಪ್ಪು ಎಂದು ತಿಳಿಯಬೇಡಿ. ಬಾಗಿಲು, ಬಿಸಿಲು ಯಾವುದೂ ಫ್ರೇಮ್‌ನಲ್ಲಿಲ್ಲದೆ ಎಲ್ಲೆಡೆ ಒಂದೇ ಮಂದ ಬೆಳಕು ಇದ್ದಾಗ ಅದು ಬಹಳ ಉಪಯೋಗ. ಎಚ್‌ಪಿ5ನ್ನು 1600ಕ್ಕೆ ಅಳೆದು, ನೀರು ಬೆರೆಸದ ಐಡಿ-11ನಲ್ಲಿ 20 ಡಿಗ್ರಿಗೆ 14 ನಿಮಿಷ ಕೊಟ್ಟರೆ ಸಪ್ಪೆ ಬೆಳಕಿಗೆ ಕಸುವು ಬರುತ್ತದೆ. ಅಲ್ಲೂ ಆಳದ ನೆರಳು ಹೋಗುತ್ತದೆ, ಅದನ್ನು ಒಪ್ಪಿಕೊಂಡೇ ಮಾಡಬೇಕು. ನಿಮ್ಮ ಗೆಳೆಯರು ಬಹುಶಃ ಅಂಥ ಬೆಳಕಿನಲ್ಲಿ ಒಳ್ಳೆಯ ಫಲ ಕಂಡಿರಬೇಕು, ಅದನ್ನೇ ನಿಮಗೆ ಹೇಳಿದ್ದಾರೆ.

ಲ್ಯಾಬ್‌ಗೆ ಕೊಡುವಾಗ ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ "200ಕ್ಕೆ ತೆಗೆದದ್ದು, ಪುಲ್ ಒಂದು ಸ್ಟಾಪ್" ಎಂದು ಬರೆದುಕೊಡಿ (ಪುಲ್ ಎಂದರೆ ಹೊತ್ತು ಕಮ್ಮಿ ಮಾಡಿ ಡೆವಲಪ್ ಮಾಡುವುದು), ಬಾಯಿಮಾತಿನಲ್ಲೂ ಹೇಳಿ. ಬೇರೆಯವರ ರೋಲ್‌ಗಳ ಜೊತೆ ಒಂದೇ ಟ್ಯಾಂಕಿನಲ್ಲಿ ಹಾಕುವವರು ನಿಮ್ಮೊಬ್ಬರಿಗಾಗಿ ಹೊತ್ತು ಬದಲಿಸಲು ಆಗುವುದಿಲ್ಲ. ಹಾಗಿದ್ದರೆ ಮನೆಯಲ್ಲೇ ಮಾಡುವುದು ವಾಸಿ. ನೆಗೆಟಿವ್ ಒಣಗಿದ ಮೇಲೆ ಕಿಟಕಿ ಬೆಳಕಿನಲ್ಲಿ ದಿನಪತ್ರಿಕೆಯ ಅಚ್ಚಿನ ಮೇಲೆ ಇಟ್ಟು ನೋಡಿ. ವಿವರ ಬೇಕೆಂದಿದ್ದ ಹೈಲೈಟ್‌ನ ಅತಿ ಕಪ್ಪು ಜಾಗದಲ್ಲೂ ಕೆಳಗಿನ ಅಕ್ಷರಗಳು ಕಷ್ಟಪಟ್ಟಾದರೂ ಓದಲು ಬರಬೇಕು. ನೆರಳಿನಲ್ಲಿ ಖಾಲಿ ಪಟ್ಟಿಗಿಂತ ಬೇರೆಯಾಗಿ ಏನಾದರೂ ಕಾಣಬೇಕು. ಎರಡೂ ಇದ್ದರೆ ಪ್ರಿಂಟ್ ಆಗುತ್ತದೆ.

ಕೊನೆಗೆ, ಕೈಯಲ್ಲಿರುವ ಎರಡು ರೋಲ್. ಕಂಬದ ನೆರಳು ಬದಿಯನ್ನು ಬಿಟ್ಟುಬಿಡಿ, ಅದು ಎರಡರಲ್ಲೂ ಇಲ್ಲ. ಸೆಲೆನಿಯಂ ಟೋನರ್‌ನಿಂದ ನೆಗೆಟಿವ್ ಗಟ್ಟಿ ಮಾಡುವ ಉಪಾಯವಿದೆ, ಆದರೆ ಅದು ಇರುವ ಬೆಳ್ಳಿಯನ್ನಷ್ಟೇ ಹೆಚ್ಚಿಸುತ್ತದೆ. ನಿಮ್ಮಲ್ಲಿ ಹೆಚ್ಚಾಗುವುದು ಬಾಗಿಲೇ. ಎರಡನೇ ರೋಲ್‌ನ ದಟ್ಟ ಬಾಗಿಲನ್ನು ಫಾರ್ಮರ್ಸ್ ರೆಡ್ಯೂಸರ್‌ನಲ್ಲಿ ಕರಗಿಸಬಹುದು ಎಂದು ಯಾರಾದರೂ ಹೇಳಿದರೆ ಅವಸರಪಡಬೇಡಿ. ಒಮ್ಮೆ ಕರಗಿದ್ದು ಮತ್ತೆ ಬಾರದು, ಹೈಲೈಟ್ ಇಳಿಯುವ ಹೊತ್ತಿಗೆ ಕಂಬದ ಅಂಚಿನ ತೆಳು ವಿವರ ಹೋಗಿರುತ್ತದೆ. ಆ ರೋಲನ್ನು ಎರಡು ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ ಸ್ಕ್ಯಾನ್ ಮಾಡಿಸಿ, ಸೇರಿಸಿ ನೋಡಿ.

ಮೊದಲ ರೋಲ್‌ನಲ್ಲಿ ಸಾಧ್ಯತೆ ಇದೆ. ನಿಮ್ಮ ಫೋಟೋದಲ್ಲಿ ನೋಡಿದಂತೆ ಅಂಗಳದ ಭಾಗ ದಟ್ಟವಾಗಿದ್ದರೂ ಮುಚ್ಚಿಹೋಗಿಲ್ಲ. ಕಂಬಗಳು ಎರಡೂ ಬದಿ ನಿಂತು ನಡುವೆ ಬಾಗಿಲು ಬಂದಿರುವ ಆ ಅಡ್ಡ ಫ್ರೇಮನ್ನು ಒಂದನೇ ಗ್ರೇಡ್ ಫಿಲ್ಟರ್‌ನಲ್ಲಿ ಪ್ರಿಂಟ್ ಮಾಡಿ. ಹೊಳೆಯುವ ಅಂಚಿಗೆ ಸರಿಹೊಂದುವ ಎಕ್ಸ್‌ಪೋಷರ್ ಮೊದಲು ಕೊಡಿ. ಆಮೇಲೆ ಬಾಗಿಲಿನಷ್ಟೇ ಅಗಲದ ತೂತು ಮಾಡಿದ ರಟ್ಟು ಹಿಡಿದು, ಅದನ್ನು ನಿಧಾನವಾಗಿ ಆಡಿಸುತ್ತಾ, ಬಾಗಿಲಿಗೆ ಮಾತ್ರ ಅದರ ಎರಡರಷ್ಟು ಹೊತ್ತು ಬರ್ನ್ ಮಾಡಿ, ಅಂದರೆ ಹೆಚ್ಚುವರಿ ಬೆಳಕು ಕೊಡಿ. ಸಾಲದಿದ್ದರೆ ಮೂರರಷ್ಟು ಕೊಡಿ. ಅಂಗಳದ ಕಲ್ಲುಹಾಸು ತಿಳಿಬೂದಿಯಾಗಿ ಬಂದರೆ ಅಲ್ಲಿಗೆ ನಿಲ್ಲಿಸಿ.